ಮುಟ್ಟಬಾರದ ತಲೆ

ತಲೆಗೆ ನೀರೆರೆಯುವ ಹೊತ್ತಿಗೆ ರಹಮತ್‌ಬೀ ತಂಬಿಗೆಯನ್ನು ಕೆಳಗಿಟ್ಟುಬಿಟ್ಟಳು. ಜಗಳೂರಿನ ಸಾಬರ ಕೇರಿಯಲ್ಲಿ ಸತ್ತ ಹೆಂಗಸರನ್ನೆಲ್ಲ ಮೀಯಿಸುತ್ತ ಬಂದ ಮುದುಕಿ ಅವಳು.

"ಮೈಯೆಲ್ಲಾ ತೊಳ್ದೆ. ತಲೆ ಮಾತ್ರ ನನ್ ಕೈಲಾಗಲ್ಲ ಕಣವ್ವ. ಆ ಗಡ್ಡೆ ಅಂಟ್ತೈತೆ ಅಂತಾರೆ."

"ಈ ವಯಸ್ನಾಗೆ ನಿಂಗೇನು ಅಂಟ್ತೈತೆ ಬೂಬಮ್ಮ? ಸಾವೇ ನಿನ್ನ ಮರ್ತೈತೆ," ಎಂದಳು, ಪರದೆಯಾಚೆಯಿಂದ ಬಿಸಿನೀರು ಕೊಡುತ್ತಿದ್ದ ಪಕ್ಕದ ಮನೆಯ ಕೊಲ್ಲಾಪುರಮ್ಮ. ಬಿಂದಿಗೆಯನ್ನು ಮಾತ್ರ ಒಳಗೆ ತಳ್ಳಿ, ತಾನು ಹಿಂದೆ ಸರಿದಳು.

ಜಹೀದಾ ತಂಬಿಗೆ ಎತ್ತಿಕೊಂಡಳು. ಸತ್ತವಳು ಅವಳ ತಾಯಿ ಖೈರುನ್ನೀಸಾ. ಬೆಳಗಿನಿಂದ ಅವಳ ಹಣೆಯೂ ಸಿಡಿಯುತ್ತಿತ್ತು. ಅಮ್ಮನದೂ ಹೀಗೇ ತಲೆನೋವಿನಿಂದ ಶುರುವಾದದ್ದು.

*

ಮಹಾಯುದ್ಧದ ಎರಡನೆಯ ವರ್ಷ, ದೂರದ ದೊಡ್ಡಾಸ್ಪತ್ರೆಯೊಂದರಲ್ಲಿ ಅಮ್ಮನ ತಲೆ ಕುಯ್ದು ಗಡ್ಡೆ ತೆಗೆದಿದ್ದರು. ಗುಣವಾಗಿ, ತನ್ನ ಕಾಲ ಮೇಲೆ ತಾನೇ ನಡೆದು ಅಮ್ಮ ಮನೆಯೊಳಗೆ ಬಂದಳು. ಜೋಳ ಬೀಸಿದಳು, ಬೀಸುತ್ತ ಹಾಡಿದಳು. ವರ್ಷ ತುಂಬುವುದರೊಳಗೆ ಹೊಲಿಗೆಯ ಕೆಳಗೆ ಮತ್ತೆ ಉಬ್ಬಿತು. ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, "ಅದೇ ಮರಳಿ ಬಂದಿದೆ. ಇನ್ನು ಕುಯ್ದು ಪ್ರಯೋಜನವಿಲ್ಲ," ಎಂದುಬಿಟ್ಟರು.

ಅಂದಿನಿಂದ ಅಮ್ಮನ ತಟ್ಟೆ ಬೇರೆ, ಚಾಪೆ ಬೇರೆ. ಜಹೀದಾ ಎಣ್ಣೆ ಹಚ್ಚಲು ಹೋದರೆ ಕೈಗೆ ಹೊಡೆಯುತ್ತಿದ್ದಳು.

"ಮುಟ್ಟಬ್ಯಾಡ! ನನ್ನ ಹಣೇಬರ ನಿಂಗೆ ಬ್ಯಾಡ."

ಜಹೀದಾ ಅಳುತ್ತಿದ್ದಳು. ಆದರೆ ಹಿಂದೆ ಸರಿಯುವಾಗ ಒಳಗೊಳಗೇ ಮೈ ಹಗುರಾಗುತ್ತಿತ್ತಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ.

*

ಕೂದಲು ಬಿಡಿಸಿ ನೀರು ಬಿಟ್ಟಾಗ ಹಳೆಯ ಗಾಯದ ಬಾಯಿ ಬಿರಿಯಿತು. ಕೀವಿನೊಂದಿಗೆ ಬಿಳಿಯದೊಂದು ಎಳೆ ಇಣುಕಿತು. ಹುಳುವೆಂದು ಜಹೀದಾ ಚೀರಿದಳು. ಒರೆಸಲು ಹೋದರೆ ಎಳೆ ಬೆರಳಿಗೆ ಸಿಕ್ಕಿ ಉದ್ದಕ್ಕೆ ಬಂತು. ಅದರ ಹಿಂದೆಯೇ ಮುದುಡಿದ ಬಟ್ಟೆ. ಉಬ್ಬು ಇಳಿದುಹೋಯಿತು.

ರಹಮತ್‌ಬೀ ಬಗ್ಗಿ ನೋಡಿದಳು. "ಯಾ ಅಲ್ಲಾ! ಗಾಯಕ್ಕೆ ಕಟ್ಟೋ ಬಟ್ಟೆ ಕಣವ್ವ ಇದು. ಕುಯ್ದಾಗ ಒಳಗೇ ಬಿಟ್ಟು ಹೊಲ್ದಾರೆ."

"ಹಂಗಾರೆ ಗಡ್ಡೆ?"

"ಎಲ್ಲೈತೆ ಗಡ್ಡೆ? ಇದೇ ಕೀವು ಕಟ್ಟಿ ಉಬ್ಬೈತೆ."

"ಹಂಗಾರೆ... ಮುಟ್ಟಿದ್ರೆ ಅಂಟ್ತಿರ್ಲಿಲ್ಲ?"

ಮುದುಕಿ ಆ ಬಟ್ಟೆಯನ್ನು ಎತ್ತಿ ಬದಿಗಿಟ್ಟಳು. ಹೊರಗಿನಿಂದ ಚಿಕ್ಕಪ್ಪ ಸುಬಾನಸಾಬ ಕೂಗಿದ: "ಬೇಗ ಮಾಡ್ರವ್ವ, ಹೊರಾಕೆ ಜನ ನಿಂತೈತೆ."

ಸತ್ತ ಹೆಣ್ಣಿನ ಕೂದಲನ್ನು ಮೂರು ಜಡೆ ಹೆಣೆದು ಕಳಿಸುವುದು ಅವರ ಪದ್ಧತಿ. ಜಹೀದಾ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹೆಣೆದಳು, ಎರಡು ಹೆಣೆದಳು. ಮೂರನೆಯದು ತುದಿ ಮುಟ್ಟಿತು. ಸುಬಾನಸಾಬ ಮತ್ತೆ ಕೂಗಿದ.

ಅವಳು ಅದನ್ನು ಬಿಚ್ಚಿ, ಬುಡದಿಂದ ಮತ್ತೆ ಹೆಣೆಯತೊಡಗಿದಳು.