ಚಾದರದ ಕೆಳಗಿನ ಉಮೇದುವಾರ

ಗಾದಿ ತವರಿನದು, ಅದರ ಮೇಲೆ ಬೀಳುತ್ತಿದ್ದ ಉಚ್ಚೆ ಗಂಡನ ಮನೆಯದು. ಪ್ರಣಿತಾ ಈ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿದಳು. ಅವತ್ತಿನಿಂದ ಎರಡು ದಿನ ಅತ್ತೆ ಪಾರ್ವತಿಬಾಯಿ ಅವಳು ಮಾಡಿದ ಚಹಾ ಮುಟ್ಟಲಿಲ್ಲ. ತಾನೇ ಮಾಡಿಕೊಂಡು ಕುಡಿದಳು, ಅದೂ ಸೊಸೆಯ ಎದುರಿಗೇ ಕೂತು.

ಮಗ ಓಂಪ್ರಕಾಶ, ಎಲ್ಲರ ಬಾಯಲ್ಲಿ ಓಮ್ಯಾ, ಆಪರೇಶನ್ ಆಗಿ ಹುಟ್ಟಿದವನು. ಆಮೇಲೆ ಪ್ರಣಿತಾಳ ಬೆನ್ನು ನೆಲದ ಮೇಲೆ ಮಲಗಲು ಒಪ್ಪಲಿಲ್ಲ. ವಲಾಂಡಿಯಲ್ಲಿದ್ದ ಅವಳ ತಂದೆ ಉದಗೀರಕ್ಕೆ ಹೋಗಿ, ಅಂಗಡಿಯಲ್ಲಿ ತಾನೇ ಉದ್ದಕ್ಕೆ ಮಲಗಿ ನೋಡಿ, ಫೋಮಿನ ಗಾದಿಯೊಂದನ್ನು ಪಲಂಗದ ಸಮೇತ ಕೊಂಡು ನಿಲಂಗಾ ಮೇಲಿಂದ, ಮಹಾರಾಷ್ಟ್ರದ ಗಡಿಯಲ್ಲಿರುವ ಅವಳ ಗಂಡನ ಊರು ತುರೋರಿಗೆ ಟೆಂಪೋದಲ್ಲಿ ಕಳಿಸಿದ. ಅಲ್ಲಿಯವರೆಗೆ ಆ ಮನೆಯಲ್ಲಿ ಚಾಪೆ ಮತ್ತು ಕೌದಿ ಬಿಟ್ಟರೆ ಹಾಸುವ ವಸ್ತುವೇ ಇರಲಿಲ್ಲ.

ಓಮ್ಯಾ ಡೈಪರಿನಲ್ಲಿ ಇರುವವರೆಗೆ ಗಾದಿಗೆ ಅಪಾಯವಿರಲಿಲ್ಲ. ಡೈಪರ್ ಹಾಕಿದ ಮಕ್ಕಳನ್ನು ಕಳಿಸಬೇಡಿ ಎಂದು ಅಂಗನವಾಡಿ ಬಾಯಿ ಹೇಳಿದ ಮೇಲೆ ಆ ಡೈಪರ್ ಹೋಯಿತು. ಹಗಲಿನ ಪಾಠವನ್ನು ಅವನು ಬೇಗ ಕಲಿತ. ಬಂತು ಅನ್ನಿಸಿದರೆ ಚಡ್ಡಿ ಕಳಚಿ ನಿಂತಲ್ಲೇ ಎಸೆದು ಬಚ್ಚಲಿಗೆ ಓಡುತ್ತಿದ್ದ. ಅಜ್ಜನ ಬಳಿ ಮುಹೂರ್ತ ಕೇಳಲು ಬಂದು ಪಡಸಾಲೆಯಲ್ಲಿ ಕೂತವರ ನಡುವಿನಿಂದಲೂ ಓಡುತ್ತಿದ್ದ. ರಾತ್ರಿ ಮಾತ್ರ ಅವನಿಗೂ ಅವನ ಉಚ್ಚೆಗೂ ಸಂಬಂಧವಿರಲಿಲ್ಲ.

ದಿನಾ ಮುಂಜಾನೆ ಗಂಡ ಹೆಂಡತಿ ಸೇರಿ ಗಾದಿಯನ್ನು ಮಾಳಿಗೆಗೆ ಹೊತ್ತು ಬಿಸಿಲಿಗೆ ಹಾಕುತ್ತಿದ್ದರು. ಮನೆ ಹೆದ್ದಾರಿಗೇ ಹತ್ತಿದೆ. ಉಮರಗಾದಿಂದ ಬರುವ ಬಸ್ಸಿನ ಕಿಟಕಿಯಲ್ಲಿ ಕೂತವರಿಗೂ ಗಾದಿಯ ಮೇಲಿನ ನಕಾಶೆ ಕಾಣುತ್ತಿತ್ತು. ಓಮ್ಯಾನ ಅಜ್ಜ ಪ್ರಭುಲಿಂಗಯ್ಯನವರು ಸುತ್ತಲಿನ ಊರುಗಳಿಗೆ ಲಗ್ನ, ತೊಟ್ಟಿಲು, ಮನೆಶಾಂತಿ ಎಲ್ಲಕ್ಕೂ ಬೇಕಾದ ಅಯ್ಯನವರು. ಅವರು ಚಹಾದ ಹೋಟೆಲಿಗೆ ಹೋದರೆ ಯಾರಾದರೊಬ್ಬರು ಕೇಳುತ್ತಿದ್ದರು: "ಅಯ್ಯನೋರೆ, ರಾತ್ರಿ ನಿಮ್ಮ ಮನಿ ಮ್ಯಾಲಷ್ಟೇ ಮಳಿ ಆಗ್ಯಾದೇನ್ರಿ?"

ಎದುರು ಮನೆಯ ಕಾಶೆಪ್ಪ ಹೀಗೆ ಕೇಳುತ್ತಿರಲಿಲ್ಲ. ಅವನು ಸೀದಾ ಮಾಳಿಗೆ ಹತ್ತಿ ಬಂದು ಗಾದಿಯನ್ನು ಗೇಣಿನಿಂದ ಅಳೆಯುತ್ತಿದ್ದ. ಅವನ ಟ್ರ್ಯಾಕ್ಟರಿನ ಸೀಟು ಹರಿದು ಕಬ್ಬಿಣ ಚುಚ್ಚುತ್ತಿತ್ತು.

"ಹೊರಗ ಒಗಿಯೋದಾದ್ರ ಮೊದಲ ನನಗ ಹೇಳ್ರಿ," ಎನ್ನುತ್ತಿದ್ದ. "ಎರಡು ಸೀಟು ಆಗ್ತಾವ ಇದರಾಗ. ಟ್ರ್ಯಾಕ್ಟರಿಗೇನು ಮೂಗಿಲ್ಲ."

ಒಂದು ದಿನ ಪ್ರಭುಲಿಂಗಯ್ಯನವರು ತೀರ್ಪು ಕೊಟ್ಟರು. ಮಲಗುವ ಕೋಣೆಗೂ ಪೂಜೆಯ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ.

"ಈ ಕಡಿ ನಾ ಲಿಂಗಕ್ಕ ನೀರು ಹಾಕ್ತೀನಿ, ಆ ಕಡಿ ಅಂವಾ ಗಾದಿಗಿ ಹಾಕ್ತಾನ. ಇದು ಬರಾಬರ್ ಅಲ್ಲ. ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಗಾದಿ ಕಾಶೆಪ್ಪಗ."

"ಮತ್ತ ನನ್ನ ಬೆನ್ನು, ಮಾವಾರೆ?"

"ಬೆನ್ನಿಗಿ ಎಣ್ಣಿ ಅದ."

ಪ್ರಣಿತಾ ಗಂಡನ ಮುಖ ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಸಂಗಮೇಶ್ವರ ತನ್ನ ಮೊಬೈಲಿನ ಮುಖ ನೋಡುತ್ತಿದ್ದ.

"ಅಪ್ಪ ಅಮಾಸಿ ಅಂದಾರಲ್ಲ. ಟೈಮ್ ಅದ," ಎಂದ.

"ಟೈಮ್ ಅದ ಅಂತ ಇಂವಾ ಹುಟ್ಟೋ ದಿನಾನೂ ಅಂದಿದ್ರಿ. ರಿಕ್ಷಾದಾಗೇ ಜೀವ ಹೋಗೋದಿತ್ತು."

ಅವಳು ಉಮರಗಾದ ಮೆಡಿಕಲ್ ಅಂಗಡಿಯಿಂದ ರಬ್ಬರ್ ಶೀಟು ತಂದಳು. ಮುಂಜಾನೆ ಅದು ಹಗ್ಗದಂತೆ ಹೊಸೆದುಕೊಂಡು ಕಾಲ ಬುಡದಲ್ಲಿ ಬಿದ್ದಿರುತ್ತಿತ್ತು, ಹುಡುಗನ ಮೈತುಂಬ ಬೆವರುಸಾಲೆ. ಸಂಜೆ ನೀರು ಬಂದ್ ಮಾಡಿದಳು. ಅವನು ಬಚ್ಚಲಿನ ಬಕೆಟ್ಟಿನಿಂದ ಕುಡಿದ. ಎಳ್ಳು ಬೆಲ್ಲ ತಿನ್ನಿಸು, ನಿಲ್ಲುತ್ತದೆ ಎಂದಳು ಪಾರ್ವತಿಬಾಯಿ. ಓಮ್ಯಾ ತಿಂದ, ಇನ್ನೊಂದು ಉಂಡೆ ಕೇಳಿ ತಿಂದ, ಬಾಯಿ ಸಿಹಿಯಾಯಿತೆಂದು ತಂಬಿಗೆ ತುಂಬ ನೀರು ಕುಡಿದ. ಕೊನೆಗೆ ಪ್ರಭುಲಿಂಗಯ್ಯನವರೇ ಮಂತ್ರ ಹಾಕಿ ಅವನ ಸೊಂಟಕ್ಕೆ ಕರಿದಾರದಲ್ಲಿ ತಾಯತ ಕಟ್ಟಿದರು. ಅವತ್ತು ಗಾದಿಯ ಜೊತೆ ತಾಯತವೂ ಒದ್ದೆಯಾಯಿತು.

ಅಮಾವಾಸ್ಯೆಗೆ ಇನ್ನೊಂದು ವಾರ ಇರುವಾಗ ಹಳೆ ಕೌದಿ ಹುಡುಕಲು ಅಟ್ಟ ಹತ್ತಿದ ಪ್ರಣಿತಾಳಿಗೆ ಬಿಳಿ ಧೋತರದಲ್ಲಿ ಸುತ್ತಿಟ್ಟ ಒಂದು ಫ್ಲೆಕ್ಸ್ ಸಿಕ್ಕಿತು.

ಹಿಂದಿನ ಗ್ರಾಮಪಂಚಾಯತಿ ಇಲೆಕ್ಷನ್ನಿಗೆ ಪ್ರಭುಲಿಂಗಯ್ಯನವರು ನಿಂತಿದ್ದರು. ಅವರ ನಿಶಾನಿ ನಳ. ಮನೆಮನೆಗೆ ನಳದ ನೀರು ಎಂದು ಸಾರಿ ಸೋತರು. ಠೇವಣಿ ಉಳಿಯಿತು. ಉಳಿದ ಫ್ಲೆಕ್ಸುಗಳು ಯಾರ ಯಾರದೋ ಸೋಯಾಬೀನಿನ ರಾಶಿ, ಆಡಿನ ದೊಡ್ಡಿ ಮುಚ್ಚಲು ಹೋದವು. ಇದೊಂದನ್ನು ಮಾತ್ರ ಅವರು ಮುಂದಿನ ಸಲಕ್ಕೆಂದು ಇಟ್ಟಿದ್ದರು. ಚಿತ್ರದಲ್ಲಿ ಅವರು ಹಣೆ ತುಂಬ ವಿಭೂತಿ ಹಚ್ಚಿ, ಮೀಸೆ ತಿರುವಿ, ಕೈ ಮುಗಿದು, ಎದುರಿಗೆ ನಿಂತವನನ್ನು ಬೈಯಲು ಶಬ್ದ ಹುಡುಕುತ್ತಿರುವಂತೆ ನೋಡುತ್ತಿದ್ದರು. ಪಕ್ಕದಲ್ಲಿ ಒಂದು ದೊಡ್ಡ ನಳ. ಕೆಳಗೆ ಮರಾಠಿಯಲ್ಲಿ, ನಿಮ್ಮ ವಿನಮ್ರ ಎಂದು. ಆ ಮುಖಕ್ಕೂ ಆ ಮಾತಿಗೂ ಹೊಂದಲಿಲ್ಲ, ಅದಕ್ಕೇ ಸೋತರು ಎಂಬುದು ಪಾರ್ವತಿಬಾಯಿಯ ಅಭಿಪ್ರಾಯ.

ಪ್ರಣಿತಾ ಚಿತ್ರ ನೋಡಲಿಲ್ಲ, ಅಳತೆ ನೋಡಿದಳು. ಗಾದಿಯ ಮೇಲೆ ಹಾಸಿ ನಾಲ್ಕೂ ಕಡೆ ಕೆಳಗೆ ಮಡಚುವಷ್ಟಿತ್ತು. ನೀರು ಇಳಿಯುವ ಮಾತೇ ಇಲ್ಲ.

ಮಾವನ ಮರ್ಯಾದೆಗೆಂದು ಮೊದಲ ರಾತ್ರಿ ಮುಖ ಕೆಳಗೆ ಮಾಡಿ ಹಾಸಿದಳು. ಮುಂಜಾನೆ ಗಾದಿ ಒಣಗಿಯೇ ಇತ್ತು, ಆದರೆ ಸೆಕೆಗೆ ಹಳೆ ಬಣ್ಣ ಬಿಟ್ಟು ಗಾದಿಯ ಮೇಲೆ ಅರ್ಧ ಮೀಸೆ ಮೂಡಿತ್ತು. ಸಾಬೂನು ಹಾಕಿ ಮೀಸೆ ತೆಗೆದಳು. ಮರುದಿನ ಮುಖ ಮೇಲೆ ಮಾಡಿ ಹಾಸಿದಳು. ಓಮ್ಯಾ ಹತ್ತಿರ ಬಂದು ಅಜ್ಜನ ಮುಖ ನೋಡಿದ.

"ಮುತ್ಯಾ."

"ಹೂಂ, ಮುತ್ಯಾ. ಒದ್ದಿ ಮಾಡಿದ್ರ ಬೈತಾನ."

ಮೇಲೆ ಹತ್ತಿಯ ಚಾದರ ಹಾಸಿ ಮಲಗಿಸಿದಳು. ಮುಂಜಾನೆ ಚಾದರ ಒದ್ದೆಯಾಗಿತ್ತು, ಗಾದಿ ಆಗಿರಲಿಲ್ಲ. ಚಾದರ ಒಗೆದು ಹಾಕಿದಳು, ಫ್ಲೆಕ್ಸ್ ಒರೆಸಿ ಸುತ್ತಿ ಪಲಂಗದ ಕೆಳಗೆ ತಳ್ಳಿದಳು. ಇಷ್ಟಾದರೆ ಸಾಕಿತ್ತು ಅವಳಿಗೆ. ಆದರೆ ಮರು ರಾತ್ರಿ ಓಮ್ಯಾ ಎದ್ದು ಕೂತು ಅವಳ ಕೂದಲು ಹಿಡಿದು ಜಗ್ಗಿದ.

"ಮುತ್ಯಾ ನೋಡ್ಲತ್ತಾನ. ಬಚ್ಚಲಕ ನಡಿ."

ಅಲ್ಲಿಂದ ಮುಂದೆ ದಿನಾ ಅದೇ. ಮಲಗುವ ಮೊದಲು ಅವನು ಚಾದರದ ಮೂಲೆ ಎತ್ತಿ ಅಜ್ಜ ಇದ್ದಾನೋ ಇಲ್ಲವೋ ನೋಡುತ್ತಿದ್ದ. ಇದ್ದರೆ ಮುಖ ಸಣ್ಣದು ಮಾಡಿಕೊಂಡು ಮಲಗುತ್ತಿದ್ದ. ಪ್ರೀತಿ ಅಂತ ಅಲ್ಲ, ಹೆದರಿಕೆ. ಪ್ರಣಿತಾಳಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು.

ಅಮಾವಾಸ್ಯೆಯ ಮುಂಜಾನೆ ಪ್ರಭುಲಿಂಗಯ್ಯನವರು ಕೋಣೆಗೆ ಬಂದು ಗಾದಿಯನ್ನು ಅಂಗೈಯಿಂದ ಒತ್ತಿದರು, ಬಗ್ಗಿ ಮೂಸಿದರು.

"ಒಣಗ್ಯಾದ," ಎಂದರು. "ತಾಯತ ಹಿಡೀತು ನೋಡು."

ಪ್ರಣಿತಾ ಹೌದೆಂದಳು. ಗಾದಿ ಉಳಿಯುವುದಾದರೆ ಹೆಸರು ಯಾರಿಗಾದರೂ ಬರಲಿ. ಅಯ್ಯನವರು ಹೋಟೆಲಿಗೆ ಹೋಗಿ ತಾಯತದ ಸುದ್ದಿ ತಾವೇ ಹೇಳಿದರು.

ಸುದ್ದಿ ದಾಳಿಂಬ ಊರಿನ ಚಂದ್ರಭಾಗಾಳಿಗೆ ಮುಟ್ಟಿತು. ಕುರಿ ಸಾಕುವ ಮನೆಯ ಹೆಣ್ಣುಮಗಳು, ಮಾತಿಗೆ ಬೇಲಿ ಇಲ್ಲದವಳು. ತನ್ನ ಮೊಮ್ಮಗನಿಗೆಂದು ಬಂದು ತಾಯತ ಕಟ್ಟಿಸಿಕೊಂಡು ಹೋದಳು. ಕೆಲವು ದಿನ ಬಿಟ್ಟು ಮತ್ತೆ ಶೇರ್ ಆಟೋ ಇಳಿದು ಪಡಸಾಲೆಗೆ ಬಂದಳು. ಕಾಶೆಪ್ಪನೂ ಅಲ್ಲೇ ಕೂತಿದ್ದ.

"ಅಯ್ಯನೋರೆ, ನಿಮ್ಮ ತಾಯತ ಈಸ್ಲತ್ತದ."

"ಏನಂದಿ?"

"ನನ್ನ ಕಂಬಳಿ ಮ್ಯಾಲ ದಿನಾ ಕೆರಿ ಆಗ್ತದ್ರಿ, ಅದರಾಗ ನಿಮ್ಮ ತಾಯತ ಈಸ್ತದ. ಬೀರಪ್ಪನ ಮುಂದ ಹಾಸೋ ಕಂಬಳಿ ಅದು. ಈಗ ದೇವರು ಬ್ಯಾರೆ ಕಂಬಳಿ ಕೇಳ್ತಾನ."

"ಶ್ರದ್ಧಾ ಕಮ್ಮಿ ಬಿದ್ದಿರಬೇಕು."

"ಎರಡು ವರ್ಷದ್ದಕ್ಕ ಎಲ್ಲಿ ಶ್ರದ್ಧಾ, ಯಪ್ಪಾ? ಮತ್ತ ನಿಮ್ಮ ಓಮ್ಯಾ ಹ್ಯಾಂಗ ಬಿಟ್ಟ?"

ಬಾಗಿಲಲ್ಲಿ ನಿಂತಿದ್ದ ಓಮ್ಯಾ ತನ್ನ ಹೆಸರು ಕೇಳಿ ಉತ್ತರ ಕೊಟ್ಟ. "ಮುತ್ಯಾ ಬೈತಾನ."

"ನಾ ಎಲ್ಲಿ ಬೈದೀನೋ?"

"ಗಾದ್ಯಾಗ."

ಪ್ರಣಿತಾ ಅಡುಗೆಮನೆಯಿಂದ ಬರುವಷ್ಟರಲ್ಲಿ ಅವನು ಪಲಂಗದ ಕೆಳಗಿನಿಂದ ಫ್ಲೆಕ್ಸನ್ನು ದರದರ ಎಳೆದು ತಂದು ಪಡಸಾಲೆಯಲ್ಲಿ ಬಿಚ್ಚಿದ್ದ. ಪ್ರಭುಲಿಂಗಯ್ಯನವರು ನೆಲದ ಮೇಲಿಂದ ಪ್ರಭುಲಿಂಗಯ್ಯನವರನ್ನೇ ನೋಡಿದರು. ಚಂದ್ರಭಾಗಾ ಇಬ್ಬರ ಮುಖವನ್ನೂ ನೋಡಿದಳು.

"ಈ ಮೋತಿ ನೋಡಿದ್ರ ನನಗೂ ನಿಂತು ಹೋಗ್ತದ್ರಿ, ಅಯ್ಯನೋರೆ."

ಅವರು ಸೊಸೆಯ ಕಡೆ ತಿರುಗಿದರು. "ಎಂದಿನಿಂದ?"

"ಅಮಾಸಿಗಿಂತ ಮೊದಲಿಂದ."

"ಎಲ್ಲಿ ಹೊಯ್ದಾನ?"

"ನಳದ ಮ್ಯಾಲ. ಮೋತಿ ಮ್ಯಾಲ ಒಂದು ಹನಿ ಬಿದ್ದಿಲ್ಲ, ಮಾವಾರೆ."

"ಹೋಗಲಿ ಬಿಡ್ರಿ," ಎಂದ ಕಾಶೆಪ್ಪ. "ಆ ನಳದಾಗ ಒಮ್ಮೆರೆ ನೀರು ಬಂತಲ್ಲ."

ಪ್ರಭುಲಿಂಗಯ್ಯನವರು ಫ್ಲೆಕ್ಸ್ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗೋಮೂತ್ರ ಚಿಮುಕಿಸಿ ಶುದ್ಧ ಮಾಡಿದರು. ಉಚ್ಚೆಯನ್ನು ಉಚ್ಚೆಯಿಂದ ತೊಳೆದಂತಾಯಿತು ಎಂದು ಪಾರ್ವತಿಬಾಯಿ ಗೊಣಗಿದಳು. ಅವರು ಅದನ್ನು ಒರೆಸಿ, ಧೋತರದಲ್ಲಿ ಸುತ್ತಿ, ತಾವೇ ನಿಚ್ಚಣಿಕೆ ಹತ್ತಿ ಅಟ್ಟದ ಮೇಲಿಟ್ಟರು. ಕೆಳಗಿಳಿದು ಎಲ್ಲರೂ ಕೇಳುವಂತೆ ಹೇಳಿದರು.

"ನನ್ನ ತಾಯತ ಖರೇ ಇದ್ರ ಇವತ್ತೂ ಗಾದಿ ಒಣಗಿರ್ತದ. ಇಲ್ಲಂದ್ರ ನಾಳಿ ಕಾಶೆಪ್ಪ ಒಯ್ಯಲಿ."

ಚಂದ್ರಭಾಗಾ, ಹಾಗಾದರೆ ನಾಳೆ ಬಂದು ನೋಡುತ್ತೇನೆ ಎಂದಳು. ಕಾಶೆಪ್ಪನಂತೂ ಹೇಗಿದ್ದರೂ ಬರುವವನೇ.

ರಾತ್ರಿ ಪ್ರಣಿತಾ ಬರೀ ಚಾದರ ಹಾಸಿದಳು. ರಬ್ಬರ್ ಶೀಟು ಕೈಗೆ ಸಿಗುವಂತೆಯೇ ಇತ್ತು. ಹಾಸಲಿಲ್ಲ. ಹಾಸಿ ರಾತ್ರಿಯಿಡೀ ಹಿಡಿದು ಕೂತರೆ ಗಾದಿ ಇವತ್ತಿಗೆ ಉಳಿಯುತ್ತದೆ, ತಾಯತವೂ ಗೆಲ್ಲುತ್ತದೆ, ಫ್ಲೆಕ್ಸ್ ಮಾತ್ರ ಅಟ್ಟ ಬಿಟ್ಟು ಇಳಿಯುವುದಿಲ್ಲ. ಓಮ್ಯಾ ಚಾದರದ ಮೂಲೆ ಎತ್ತಿದ.

"ಮುತ್ಯಾ ಎಲ್ಲಿ?"

"ಅಟ್ಟದ ಮ್ಯಾಲ ಹೋಗ್ಯಾನ."

"ನೋಡಂಗಿಲ್ಲ?"

"ನೋಡಂಗಿಲ್ಲ."

ಓಮ್ಯಾ ಕೈಕಾಲು ಚಾಚಿ ಆರಾಮಾಗಿ ಮಲಗಿದ. ಇಷ್ಟು ದಿನ ತಡೆದುಕೊಂಡದ್ದನ್ನೆಲ್ಲ ಒಂದೇ ರಾತ್ರಿ ಬಿಟ್ಟ.

ಮುಂಜಾನೆ ಗಾದಿ ಮತ್ತೆ ಮಾಳಿಗೆ ಹತ್ತಿತು. ಕಾಶೆಪ್ಪ ಈ ಸಲ ಗೇಣು ಹಾಕಲಿಲ್ಲ, ಕುಡುಗೋಲು ತಂದಿದ್ದ. ಚಂದ್ರಭಾಗಾ ಮೊದಲ ಆಟೋಕ್ಕೇ ಬಂದಿದ್ದಳು. ಪ್ರಭುಲಿಂಗಯ್ಯನವರು ಮೆಟ್ಟಿಲು ಹತ್ತಿ ಬಂದು ಗಾದಿಯ ಮುಂದೆ ನಿಂತರು. ಪ್ರಣಿತಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಅವರ ಬಾಯಿ ನೋಡುತ್ತಿದ್ದಳು.

"ಹಾಂಗಾದ್ರ ಕೊಯ್ಲೇನ್ರಿ?" ಎಂದ ಕಾಶೆಪ್ಪ. "ಇವತ್ತ ಸೀಟಿಗಿ ಹಾಕಿ ಊರೆಲ್ಲಾ ಒಂದು ಸುತ್ತು ಹೊಡಿತೀನಿ. ಕೇಳಿದವರಿಗಿ ಹೇಳ್ತೀನಿ, ಇದು ಅಯ್ಯನೋರು ತಾಯತ ಕಟ್ಟಿದ ಗಾದಿ ಅಂತ."

ಅಯ್ಯನವರು ಅವನನ್ನು ನೋಡಿದರು, ರಸ್ತೆಯನ್ನು ನೋಡಿದರು. ಇಲೆಕ್ಷನ್ ಹತ್ತಿರ ಬಂದಿತ್ತು.

"ಗಾದಿ ಎಲ್ಲೂ ಹೋಗಂಗಿಲ್ಲ," ಎಂದರು. "ನೀರು ಚೆಲ್ಯಾದ."

ಕಾಶೆಪ್ಪ ಬಗ್ಗಿ ಮೂಸಿದ. "ನೀರು?"

"ನೀರು."

ಕೆಳಗಿಳಿದು ಅಟ್ಟದಿಂದ ಸುರುಳಿ ತೆಗೆದು ಸೊಸೆಯ ಕೈಗೆ ಕೊಟ್ಟರು. "ಮೋತಿ ಮ್ಯಾಲ ಮಾಡಿ ಹಾಸು. ನಳ ಕೆಳಗ ಮಡಚು."

"ಆಗಲ್ರಿ ಮಾವಾರೆ," ಎಂದಳು ಪ್ರಣಿತಾ. ಅವತ್ತು ಅವಳು ಮಾಡಿದ ಚಹಾವನ್ನು ಪಾರ್ವತಿಬಾಯಿ ಎರಡು ಸಲ ಕೇಳಿ ಕುಡಿದಳು.

ಚಂದ್ರಭಾಗಾ ತನಗೂ ಒಂದು ಫ್ಲೆಕ್ಸ್ ಬೇಕೆಂದು ಹಟ ಹಿಡಿದಳು. ಹೇಗೂ ಇಲೆಕ್ಷನ್ನಿಗೆ ಹೊಸವು ಬೇಕಾಗಿದ್ದವು. ಪ್ರಭುಲಿಂಗಯ್ಯನವರು ಉಮರಗಾಕ್ಕೆ ಹೋಗಿ ಫೋಟೋ ತೆಗೆಸಿದರು. ಅಂಗಡಿಯವನು "ಕಾಕಾ, ಜರಾ ಹಸಾ" ಎಂದು ಮರಾಠಿಯಲ್ಲಿ ಬೆನ್ನು ಹತ್ತಿ, ಹಲ್ಲು ಕಾಣುವಂತೆ ನಗಿಸಿ, ಮುಖ ಬೆಳ್ಳಗೆ ಮಾಡಿ ಛಾಪಿಸಿ ಕೊಟ್ಟ. ಒಂದನ್ನು ಚಂದ್ರಭಾಗಾಳಿಗೆ ಕಳಿಸಿದರು.

ಮೂರನೇ ದಿನ ಅವಳು ಅದನ್ನು ಬಗಲಲ್ಲಿ ಇಟ್ಟುಕೊಂಡು ಬಂದಳು.

"ಇದರಾಗ ನೀವು ನಗ್ಲತ್ತೀರಿ. ನಮ್ಮ ಹುಡುಗನೂ ನಿಮ್ಮನ್ನ ನೋಡಿ ನಕ್ಕ. ನಕ್ಕೋತ ಹೊಯ್ದ. ಹಳೀದು ಕೊಡ್ರಿ."

"ಹಳೀದು ಕೊಡಂಗಿಲ್ಲ, ಆಯಿ," ಎಂದಳು ಪ್ರಣಿತಾ ಒಳಗಿನಿಂದ. "ನಮ್ಮ ಗಾದಿ ಇನ್ನಾ ಗ್ಯಾರಂಟಿದಾಗ ಅದ."

ಚಂದ್ರಭಾಗಾ ಬಗಲಿನ ಫ್ಲೆಕ್ಸ್ ಕೆಳಗಿಟ್ಟಳು. ಆಮೇಲೆ ಸೆರಗಿನ ಗಂಟಿನಿಂದ ಮೊಬೈಲ್ ತೆಗೆದು ಅಯ್ಯನವರ ಮುಖದ ಎದುರಿಗೆ ಹಿಡಿದಳು.

"ಅಯ್ಯನೋರೆ, ಒಂದು ಮಾತು ಕೇಳ್ತೀನಿ. ಹೋದ ಸಲ ನಿಮ್ಮ ಮನಿಯವರಾದ್ರೂ ನಿಮಗ ವೋಟು ಹಾಕಿದ್ರೇನ್ರಿ?"

ಪ್ರಭುಲಿಂಗಯ್ಯನವರು ಅವಳನ್ನು ನೋಡಿದರು, ಬೈಯಲು ಶಬ್ದ ಹುಡುಕುತ್ತಿರುವಂತೆ.

"ಹಾಂ," ಎಂದಳು ಚಂದ್ರಭಾಗಾ, ಫೋಟೋದ ಬಟನ್ ಒತ್ತಿ. "ಇದು ಬರಾಬರ್ ಬಂತು."