ಕೈಗಡದ ಮಾತ್ರೆ

ಆ ಬೆಳಿಗ್ಗೆ ಮೋಡವಿತ್ತು, ಮಳೆಯಿರಲಿಲ್ಲ. ಎಲೆಯೂ ಅಲುಗದ ಸೆಕೆ. ಬೆಳ್ತಂಗಡಿಯ ತರಬೇತಿ ಹಾಲ್‌ನಲ್ಲಿ ಫ್ಯಾನು ತಿರುಗುತ್ತಿದ್ದರೂ ಆಶಾ ಕಾರ್ಯಕರ್ತೆಯರೆಲ್ಲ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಬಿ.ಪಿ. ಇರುವವರಿಗೆ ತಿಳಿಹೇಳುವುದು ಹೇಗೆ ಎಂಬುದು ಅಂದಿನ ಪಾಠ.

"ಬೈಯಬಾರದು," ಎಂದಳು ಕಲಿಸಲು ಬಂದಿದ್ದ ಸಾತ್ವಿಕಾ. "ಮೆಲ್ಲಗೆ ಕೇಳಿ, ಮತ್ತೆ ಸುಮ್ಮನೆ ಕೂತ್ಕೊಳ್ಳಿ. ಅವರೇ ಹೇಳ್ತಾರೆ. ಕುಸುಮಕ್ಕ, ಬನ್ನಿ. ನಾನು ರೋಗಿ, ನೀವು ನನ್ನ ಮನೆಗೆ ಬಂದಿದ್ದೀರಿ."

"ಕುಸುಮಕ್ಕ ಸುಮ್ಮನೆ ಕೂರುವುದುಂಟಾ ಮಾರಾಯ್ತಿ? ರೋಗಿಯ ಬಿ.ಪಿ. ಅಲ್ಲೇ ಏರ್ತದೆ!" ಎಂದಳು ಹಿಂದಿನ ಸಾಲಿನ ಶಾಹಿದಾ. ಎಲ್ಲರೂ ನಕ್ಕರು.

ಕುಸುಮ ಎದುರು ಕುಳಿತಳು. "ಮಾತ್ರೆ ಯಾಕೆ ಬಿಟ್ರಿ?"

"ಮುಗಿದಿದೆ. ಪಕ್ಕದ ಮನೆಯವಳಿಗೆ ಒಂದು ಪಟ್ಟಿ ಕೊಟ್ಟೆ, ಅವಳಲ್ಲಿ ಇರಲಿಲ್ಲ."

ಮತ್ತೆ ನಗು. ಮೊಸರಿಗೆ ಹೆಪ್ಪು ಕೊಟ್ಟ ಹಾಗೆ ಮಾತ್ರೆ ಕೊಡುವವರು ಎಲ್ಲರ ಊರಲ್ಲೂ ಇದ್ದರು.

"ಹಾಗಾದ್ರೆ ವಾಪಸ್ ಕೇಳ್ಬೇಕಿತ್ತಲ್ಲ?" ಎಂದಳು ಕುಸುಮ, ಅಭ್ಯಾಸದ ಗಡಸಿನಲ್ಲಿ.

"ಕೊಟ್ಟದ್ದನ್ನು ಹೇಗೆ ಕೇಳುವುದು? ನಾಚಿಕೆ ಆಗ್ತದೆ."

ಕುಸುಮ ಕಣ್ಣು ತಗ್ಗಿಸಿ ಸೆರಗಿನ ಅಂಚು ಮಡಚತೊಡಗಿದಳು.

"ನೋಡಿ, ಹೀಗೇ ಸುಮ್ಮನಿರಬೇಕು," ಎಂದು ಸಾತ್ವಿಕಾ ಚಪ್ಪಾಳೆ ತಟ್ಟಿದಳು.

ಎರಡು ವಾರದ ಹಿಂದೆ ಮಡಂತ್ಯಾರಿನಲ್ಲಿ ಮನೆ ಮನೆ ಸುತ್ತುವಾಗ ಕುಸುಮ ತಲೆ ತಿರುಗಿ, ಬಿ.ಪಿ. ಇರುವ ಮುದುಕಿ ಬೀಪಾತುಮ್ಮನ ಜಗಲಿಯಲ್ಲಿ ಕುಸಿದಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ತನಗೇ ಬಿ.ಪಿ. ಇದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ. ಪೇಟೆಯ ಅಂಗಡಿಯಿಂದ ಗುಟ್ಟಾಗಿ ತರುತ್ತಿದ್ದ ಮಾತ್ರೆ ಮುಗಿದಿತ್ತು. ಮುದುಕಿ ಒಂದೂ ಮಾತು ಕೇಳದೆ ತನ್ನ ಮಾತ್ರೆ ಪಟ್ಟಿಯನ್ನು ಮುಂದೆ ಹಿಡಿದಳು. ಕುಸುಮ ಹೆಸರು ನೋಡಿದಳು, ಅದೇ ಮಾತ್ರೆ. "ನಾಡಿದ್ದು ತಂದುಕೊಡ್ತೇನೆ" ಎಂದಿದ್ದಳು. ಆಮೇಲೆ ಸರ್ವೆ, ಲಸಿಕೆ, ಮೀಟಿಂಗು, ಕೊಡುವುದು ಉಳಿದೇ ಹೋಯಿತು. ಬೀಪಾತುಮ್ಮನಿಗೆ ಆಸ್ಪತ್ರೆಯಿಂದ ಮಾತ್ರೆ ಮುಟ್ಟಿಸುವವಳು ಕುಸುಮ ಒಬ್ಬಳೇ.

ಸಂಜೆ ಬಸ್ಸಿಳಿದು, ಔಷಧಿ ಅಂಗಡಿಗೆ ಹೋಗಿ, ಕಾಲೆಳೆಯುತ್ತ ಏರು ಹತ್ತಿದಳು. ಬೀಪಾತುಮ್ಮ ಆಗಷ್ಟೇ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದಳು. ಹಣೆಗೆ ಬಟ್ಟೆ ಬಿಗಿದು ಕಟ್ಟಿತ್ತು.

"ಬಾ ಮಗಳೇ. ಎಂಥ ಮುಖ ಇದು, ಬಾಡಿದ ಬಸಳೆ ಹಾಗೆ! ಚಾ ಮಾಡ್ತೇನೆ."

"ಚಾ ಬೇಡ. ಮಾತ್ರೆ ತೆಗೊಳ್ತಾ ಇದ್ದೀರಾ?"

ಕೇಳಿ, ಕುಸುಮ ಸುಮ್ಮನೆ ಕುಳಿತಳು. ಮುದುಕಿ ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಯನ್ನು ಬಹಳ ಹೊತ್ತು ನೋಡಿದಳು.

"ತಲೆ ಸ್ವಲ್ಪ ಭಾರ. ಸೆಕೆಗೆ ಇರ್ಬೇಕು," ಎಂದಳು ಕೊನೆಗೆ.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ, ಇಬ್ಬರೂ. ನನ್ನ ಬಿ.ಪಿ.ಯೂ ನೋಡ್ಲಿಕ್ಕೆ ಉಂಟು."

ಕುಸುಮ ಬ್ಯಾಗಿನಿಂದ ಪಟ್ಟಿ ತೆಗೆದು ಆ ಒಣಗಿದ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದಳು. ಬೀಪಾತುಮ್ಮ ಒಳಗೆ ಹೋದಳು. ನೀರು ತಂದಳು, ಎರಡು ಲೋಟ.