ಉಗಾದಿ ಮರುದಿನದ ಕುಸ್ತಿ

ಎರಡನೆಯ ಕೊಡದ ನೀರು ಹೊಯ್ಯುತ್ತಿದ್ದಾಗ ಹೊರಗೆ ಯಾರೋ ಗುಡದಪ್ಪನ ಹೆಸರು ಹಿಡಿದು ಕರೆದರು. ಸತ್ತ ಅಪ್ಪನನ್ನು ಹೀಗೆ ಕರೆಯುವವರು ಯಾರೆಂದು ಮಲ್ಲಿಕಾ ಕೊಡ ಕೆಳಗಿಟ್ಟು ತಿರುಗಿ ನೋಡಿದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನ ಬೆನ್ನು ತಿಕ್ಕುತ್ತಿದ್ದ ಅವಳ ತಮ್ಮ ಫಕೀರೇಶ ಕೈ ನಿಲ್ಲಿಸಿದ.

ಬಂದವನು ಪೊಲೀಸ್ ಪೇದೆ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಬೈಕನ್ನು ದೂರವೇ ನಿಲ್ಲಿಸಿ, ಬೂಟು ಬಿಚ್ಚಿ ಅಂಗಳಕ್ಕೆ ಕಾಲಿಟ್ಟ. ಒರಟನೇನಲ್ಲ. ಠಾಣೆಯ ಹಳೆಯ ಪಟ್ಟಿಯಲ್ಲಿರುವವರು ತೀರಿಕೊಂಡರೆ ಹೋಗಿ ಕಣ್ಣಾರೆ ನೋಡಿ ಬರಬೇಕು, ಮನೆಯವರೊಬ್ಬರ ಸಹಿ ತರಬೇಕು, ಆಮೇಲಷ್ಟೇ ಹೆಸರು ತೆಗೆಯುತ್ತಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದ.

“ಮುಖದ್ದೊಂದು ಫೋಟೋ ಬೇಕಾಗ್ತದರಿ ಅಕ್ಕಾರ. ಇವತ್ತಿಗಿ ಅಜ್ಜಾರದು ಮುಗೀತು.”

ಫಕೀರೇಶ ಒದ್ದೆ ಕೈಯಲ್ಲೇ ಎದ್ದು ನಿಂತ. ಮಲ್ಲಿಕಾ ಅವನ ರಟ್ಟೆ ಹಿಡಿದು ಕೂರಿಸಿದಳು. ಜಗಳವಾಡಲಿಕ್ಕೂ ಒಂದಿಷ್ಟು ಕಸುವು ಬೇಕು. ಮೂರು ವಾರ ಆಸ್ಪತ್ರೆಗೂ ಮನೆಗೂ ಓಡಾಡಿದ ಅವಳಲ್ಲಿ ಅದು ಉಳಿದಿರಲಿಲ್ಲ. ಅವಳ ಐವತ್ತೈದು ವರ್ಷದಲ್ಲಿ ಈ ಅಂಗಳಕ್ಕೆ ಬಂದ ಪೊಲೀಸರೊಳಗೆ ಬೂಟು ಬಿಚ್ಚಿದವನು ಇವನೊಬ್ಬನೇ ಎಂಬುದನ್ನೂ ಅವಳು ಕಂಡಿದ್ದಳು. ಸೆರಗಿನಿಂದ ಅಪ್ಪನ ಮುಖ ಒರೆಸಿ, ಗದ್ದ ಎತ್ತಿ ಹಿಡಿದಳು. ಪೇದೆ ಫೋಟೋ ತೆಗೆದ. ಆಮೇಲೆ ಫೋನಿನಲ್ಲಿ ಏನನ್ನೋ ಓದಿಕೊಂಡು, ಎಡಗಿವಿಯನ್ನೂ ಒಂದು ಸಲ ತೋರಿಸಬೇಕೆಂದ. ಗುರುತಿನ ಚಿಹ್ನೆ, ಎಡಗಿವಿ ಮುರುಟಿದೆ ಎಂದು ಪಟ್ಟಿಯಲ್ಲಿ ಬರೆದಿತ್ತು. ಗರಡಿಯಲ್ಲಿ ವರ್ಷಗಟ್ಟಲೆ ತಿಕ್ಕಿಸಿಕೊಂಡು ನಜ್ಜಾಗಿ, ಒಣ ಅಂಜೂರದಂತಾದ ಪೈಲ್ವಾನನ ಕಿವಿ. ಅದೇ ಠಾಣೆಗೆ ಕಳ್ಳನ ಗುರುತಾಗಿತ್ತು. ಮಲ್ಲಿಕಾ ಮುಖ ಹೊರಳಿಸಿ ತೋರಿಸಿದಳು. ಕೇಳಿದಲ್ಲಿ ಸಹಿ ಮಾಡಿದಳು. ಅವಳ ಒದ್ದೆ ಬೆರಳಿಗೆ ಶಾಯಿ ಹರಡಿಕೊಂಡಿತು.

*

ಅವರ ಕೇರಿಯ ಜನ ಹುಟ್ಟುತ್ತಲೇ ಕಳ್ಳರು ಎಂದು ಬಿಳಿಯರ ಕಾಲದ ಕಾಯದೆಯೊಂದು ಬರೆದಿಟ್ಟಿತ್ತು. ಬಿಳಿಯರು ಹೋದರು, ಆ ಕಾಯದೆಯೂ ಹೋಯಿತು. ಅದರ ಜಾಗಕ್ಕೆ ಬೇರೆ ಹೆಸರಿನದೊಂದು ಬಂತು. ಠಾಣೆಯಲ್ಲಿದ್ದ ಪಟ್ಟಿ ಮಾತ್ರ ಅದೇ ಉಳಿಯಿತು. ಪಟ್ಟಿಯಲ್ಲಿದ್ದ ಗಂಡಸರು ದಿನಾ ಸಂಜೆ ಹೊರಠಾಣೆಗೆ ಹೋಗಿ ಹಾಜರಿ ಕೊಡಬೇಕು, ಚೀಟಿ ಇಲ್ಲದೆ ಊರ ಗಡಿ ದಾಟಬಾರದು. ಗುಡದಪ್ಪ ಯಾರ ಮನೆಯ ಸೂಜಿಯನ್ನೂ ಮುಟ್ಟಿದವನಲ್ಲ. ಅವನ ಅಪ್ಪನ ಹೆಸರು ಪಟ್ಟಿಯಲ್ಲಿತ್ತು, ಹದಿನೆಂಟು ತುಂಬಿದ ವರ್ಷ ಅವನದೂ ಸೇರಿತು, ಅಷ್ಟೆ.

ಮಲ್ಲಿಕಾಗೆ ನೆನಪಿರುವುದು ಸಂಜೆಯ ಅಪ್ಪ. ಗದ್ದೆಯಿಂದ ಬಂದು ಕೈಕಾಲು ತೊಳೆದು, ತಲೆ ಬಾಚಿಕೊಂಡು, ಅವಳ ಬೆರಳು ಹಿಡಿದು ಹೊರಠಾಣೆಗೆ ಹೋಗುತ್ತಿದ್ದ. ಅಲ್ಲಿ ಕಟ್ಟೆಯ ಕೆಳಗೆ ಸಾಲಾಗಿ ಕೂತವರು ಹೆಸರು ಕರೆದಾಗ ಎದ್ದು, ಕೈಮುಗಿದು, ‘ಹಾಜರ್ ಸಾಹೇಬ್ರ’ ಎನ್ನಬೇಕು. ಎಲ್ಲರ ಅಪ್ಪಂದಿರೂ ಸಂಜೆ ಹೀಗೆ ಹೋಗುತ್ತಾರೆಂದೇ ಅವಳು ತಿಳಿದಿದ್ದಳು. ಶಾಲೆಗೆ ಸೇರಿದ ಮೊದಲ ದಿನ ಮಾಸ್ತರರು ಅವಳ ಹೆಸರು ಕರೆದಾಗ ಅವಳೂ ಎದ್ದು, ಕೈಮುಗಿದು, ಅಪ್ಪನ ದನಿಯಲ್ಲೇ ಹಾಗೆಂದಳು. ಮಾಸ್ತರರೂ ಸೇರಿ ಎಲ್ಲರೂ ನಕ್ಕರು. ಮನೆಗೆ ಬಂದು ಹೇಳಿದರೆ ಅಪ್ಪ ನಗಲಿಲ್ಲ. ಅವತ್ತಿನಿಂದ ಅವಳನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ಬಿಟ್ಟ.

ಕುಸ್ತಿಯ ಸುದ್ದಿ ಹೇಳಿದವಳು ಅವ್ವ ಮರೆವ್ವ. ೧೯೬೪ರ ಉಗಾದಿ ಮರುದಿನ ಕುಂದಗೋಳದಲ್ಲಿ ದೊಡ್ಡ ಕುಸ್ತಿ ಇತ್ತು. ಗುಡದಪ್ಪನಿಗೆ ಆಗ ಇಪ್ಪತ್ತೆರಡು. ಹೋಗಲು ಚೀಟಿ ಕೇಳಿದ, ಕೊಡಲಿಲ್ಲ. ಮರುದಿನ ಚೀಟಿ ಇಲ್ಲದೆಯೇ ಹೋದ. ತಮ್ಮೂರು ತಂಬೂರದಿಂದ ಕಲಘಟಗಿಯ ತನಕ ನಡೆದು, ಅಲ್ಲಿಂದ ಹುಬ್ಬಳ್ಳಿಗೆ ಲಾರಿಯಲ್ಲಿ, ಮುಂದೆ ರೈಲಿನಲ್ಲಿ. ಅಣ್ಣಿಗೇರಿಯ ಮಹಬೂಬಸಾಬನೆಂಬ ಹೆಸರುವಾಸಿ ಪೈಲ್ವಾನನೊಡನೆ ಅವನ ಜೋಡಿ ಬಿತ್ತು. ಗೆದ್ದೆ ಎಂದು ಅವ್ವನ ಹತ್ತಿರ ಹೇಳಿದ್ದ. ಗೆದ್ದರೂ ಸೋತರೂ ಕಣದ ಹೊರಗೆ ಇಬ್ಬರು ಪೇದೆಗಳು ಕಾಯುತ್ತಿದ್ದರು. ಚೀಟಿ ಇಲ್ಲದೆ ಗಡಿ ದಾಟಿದ್ದಕ್ಕೆ ಒಂಬತ್ತು ತಿಂಗಳು ಜೇಲಾಯಿತು.

ಹೊರಬಂದ ಮೇಲೆ ಅವನು ಗರಡಿಯ ಹೊಸ್ತಿಲು ತುಳಿಯಲಿಲ್ಲ. ಭತ್ತದ ಗದ್ದೆಯಲ್ಲಿ ಕೂಲಿ ಮಾಡಿದ, ಬಾವಿ ತೋಡಿದ, ಮಳೆಗಾಲದಲ್ಲಿ ಗಾಡಿ ಹೋಗದ ದಾರಿಯಲ್ಲಿ ಬಸುರಿಯರನ್ನು ಹೊರಸಿನ ಸಮೇತ ಹೊತ್ತು ಕಲಘಟಗಿಗೆ ಮುಟ್ಟಿಸಿದ. ಆ ಮೈಕಸುವೆಲ್ಲ ಹೀಗೇ ಹೋಯಿತು.

ಗೆದ್ದೆ ಎಂಬ ಮಾತನ್ನು ಊರು ನಂಬಲಿಲ್ಲ. ಕುಸ್ತಿ ನಡೆದಲ್ಲಿ ಗೆದ್ದವರ ಹೆಸರಿನ ಫಲಕವೊಂದಿತ್ತು. ಆ ವರ್ಷದ ಮುಂದೆ ಮಹಬೂಬಸಾಬನ ಹೆಸರಿತ್ತು. ಹುಬ್ಬಳ್ಳಿಯಲ್ಲಿ ಐಟಿಐ ಓದುವಾಗ ಫಕೀರೇಶ ಹೋಗಿ ತಾನೇ ಅದನ್ನು ಓದಿಕೊಂಡು ಬಂದ. ಬಂದವನು ಅಪ್ಪನನ್ನು ಏನೂ ಕೇಳಲಿಲ್ಲ. ಮುಂದೆ ನವಲಗುಂದದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ, ಮದುವೆಯಾಗಿ, ಅಲ್ಲೇ ಮನೆ ಮಾಡಿದ. ಹಬ್ಬಕ್ಕೆ ಬಂದು ಹೋಗುತ್ತಿದ್ದ. ಕುಸ್ತಿಯ ಮಾತು ಅಪ್ಪ ಮಗನ ನಡುವೆ ಮತ್ತೆ ಬರಲೇ ಇಲ್ಲ.

*

ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡಿದರು. ಜನ ಬಹಳವಿರಲಿಲ್ಲ. ಗೋವಿನಜೋಳದ ರಾಶಿಯ ದಿನಗಳು, ಬಂದವರೂ ಮೂರು ಹಿಡಿ ಮಣ್ಣು ಹಾಕಿ ಕೈ ತೊಳೆಯಲು ಹೊಂಡದ ಕಡೆ ಹೊರಟಿದ್ದರು. ಕಲಘಟಗಿಯ ವಕೀಲ ಭೀಮಶಿ ಅವರೆಲ್ಲ ದೂರವಾಗುವುದನ್ನೇ ಕಾದು ಮಲ್ಲಿಕಾಳ ಹತ್ತಿರ ಬಂದ. ಅಂಗನವಾಡಿ ಕೆಲಸ ಮಾಡುವ ಅವಳನ್ನು ಅವನು ಟೀಚರ್ ಎಂದೇ ಕರೆಯುತ್ತಿದ್ದ. ಹೊತ್ತಲ್ಲದ ಹೊತ್ತು ಎಂದು ತನಗೂ ಗೊತ್ತು, ನಾಡಿದ್ದು ಬೆಂಗಳೂರಿಗೆ ಹೋಗುವವನಿದ್ದೇನೆ, ಅದಕ್ಕೇ ಅರ್ಜಿಯ ಕಾಗದ ತಂದಿದ್ದೇನೆ ಎಂದ.

“ಈಗ ಹಾದಿ ಸಸಾರ ಆತ್ರಿ ಟೀಚರ್. ತೀರಿಕೊಂಡವ್ರು ಪಶ್ಚಾತ್ತಾಪ ಬರದು ಕೊಡ್ರಿ ಅಂತ ಯಾರೂ ಕೇಳೂದಿಲ್ಲ. ಮಗಳು ಅಂತ ನಿಮ್ಮದೊಂದು ಸೈ ಸಾಕು.”

*

ನಾಲ್ಕು ವರ್ಷದ ಹಿಂದೆ ಮೊದಲ ಅರ್ಜಿ ಬರೆಸಿದವಳು ಮಲ್ಲಿಕಾಳೇ. ಪಕ್ಕದ ಊರಿನಲ್ಲಿ ಪಂಪ್‌ಸೆಟ್ಟು ಕಳುವಾದಾಗ ಎಪ್ಪತ್ತೊಂಬತ್ತು ತುಂಬಿದ ಅಪ್ಪನನ್ನು ಠಾಣೆಗೆ ಕರೆದೊಯ್ದು ಇಡೀ ದಿನ ಬೆಂಚಿನ ಮೇಲೆ ಕೂರಿಸಿದ್ದರು. ಆ ಹಳೆಯ ಶಿಕ್ಷೆಯೇ ತೊಲಗಿದರೆ ಹೆಸರೂ ಪಟ್ಟಿಯಿಂದ ಹೋದೀತೆಂದು ಅವಳು ಭೀಮಶಿಯ ಕಚೇರಿಯ ಮೆಟ್ಟಿಲು ಹತ್ತಿದಳು. ಕ್ಷಮಾದಾನ ಕೋರಿ ರಾಜ್ಯಪಾಲರಿಗೆ ಬರೆದ ಅರ್ಜಿ ಒಂದೂವರೆ ವರ್ಷದ ಮೇಲೆ ಹಿಂದಿರುಗಿ ಬಂತು. ಅರ್ಜಿದಾರನು ತನ್ನ ಕೃತ್ಯಕ್ಕೆ ಪಶ್ಚಾತ್ತಾಪ ವ್ಯಕ್ತಪಡಿಸಿಲ್ಲ ಎಂದು ಅದರ ಮೇಲೆ ಬರೆದಿದ್ದರು.

ಭೀಮಶಿ ಪಶ್ಚಾತ್ತಾಪದ ಒಂದು ಸಾಲು ಸೇರಿಸಿ ತಂದು, ಕಟ್ಟೆಯ ಮೇಲೆ ಕೂತು ಓದಿದ. ಗುಡದಪ್ಪ ಮತ್ತೊಮ್ಮೆ ಓದಿಸಿದ. ಹೆಬ್ಬೆಟ್ಟಿಗೆ ಹಚ್ಚಿದ್ದ ಮಸಿಯನ್ನು ಧೋತರದ ಅಂಚಿಗೆ ಒರೆಸಿಕೊಂಡ.

“ಹೋಗಿದ್ದು ತಪ್ಪಾತು ಅಂತ ಬರದ್ರ ಗೆದ್ದದ್ದೂ ತಪ್ಪಾತಲ್ರಿ,” ಎಂದ. “ನಾ ಗೆದ್ದೇನಿ.”

ಹೊಸ್ತಿಲಲ್ಲಿ ನಿಂತಿದ್ದ ಫಕೀರೇಶ ಅವತ್ತು ತಿರುಗಿ ಒಳಗೆ ಹೋದದ್ದನ್ನು ಮಲ್ಲಿಕಾ ಮರೆತಿಲ್ಲ. ಅಪ್ಪನೂ ಅವನ ಬೆನ್ನನ್ನೇ ನೋಡುತ್ತಿದ್ದ.

*

ಮಲ್ಲಿಕಾ ಕಾಗದವನ್ನು ಬಿಸಿಲಿಗೆ ಹಿಡಿದು ಓದಿದಳು. ‘ಮೃತರು ಎಸಗಿದ ಅಪರಾಧವನ್ನು ಕ್ಷಮಿಸಿ’ ಎಂಬಲ್ಲಿಗೆ ಬಂದು ನಿಂತಳು. ಫಕೀರೇಶ ಕೈ ತೊಳೆದುಕೊಂಡು ಬಂದು ಹೆಗಲ ಮೇಲಿಂದ ಇಣುಕಿ ನೋಡಿದ.

“ಸಾಕು ಬಿಡಕ್ಕಾ. ಮುಂಜಾನೆ ಆ ಪೊಲೀಸಾಂವ ಹೆಸರು ತಗಕೊಂಡು ಹೋದ. ಮತ್ತ ಯಾಕ ಹಚ್ಚತಿ?”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನಿಗೂ ಸಾಕಾಗಿತ್ತು. ಮಲ್ಲಿಕಾಗೂ ಅಲ್ಲೇ ಕೂತುಬಿಡಬೇಕು ಎನಿಸುತ್ತಿತ್ತು. ಸಹಿ ಮಾಡಿದರೆ ಒಂದು ಕೆಲಸ ಮುಗಿಯುತ್ತದೆ, ಮಾಡದಿದ್ದರೂ ಮುಗಿಯುತ್ತದೆ. ಅವಳು ಕಾಗದ ಮಡಚಿ ಭೀಮಶಿಗೆ ತಿರುಗಿ ಕೊಟ್ಟಳು. ಅಪರಾಧ ಅನ್ನುವ ಶಬ್ದ ತೆಗೆದು, ಶಿಕ್ಷೆ ಕೊಟ್ಟದ್ದೇ ತಪ್ಪು ಎಂದು ಬರೆದುಕೊಂಡು ಬನ್ನಿ, ಆಗ ಮಾಡುತ್ತೇನೆ ಎಂದಳು. ಹಾಗೆ ಬರೆದರೆ ಮತ್ತೆ ನಾಲ್ಕು ವರ್ಷ ಹಿಡಿಯುತ್ತದೆ ಎಂದು ಅವನು ಎಚ್ಚರಿಸಿದ.

“ಹಿಡೀಲಿ,” ಎಂದಳು.

ಅಷ್ಟರಲ್ಲಿ ಕೆರೆಯ ಕಡೆಯಿಂದ ಟಂಟಂ ಆಟೋ ಒಂದು ಬಂದು ಬೇಲಿಯ ಹತ್ತಿರ ನಿಂತಿತು. ಅದರಿಂದ ಮುದುಕನೊಬ್ಬನನ್ನು ಚಾಲಕ ಎರಡೂ ಕಂಕುಳಿಗೆ ಕೈಕೊಟ್ಟು ಇಳಿಸಿದ. ಬಿಳಿ ಜುಬ್ಬಾ, ಕೈಯಲ್ಲಿ ಕೋಲು, ಅಗಲ ಎದೆ ಕುಸಿದು ಜೋತುಬಿದ್ದಿತ್ತು. ಹೊಸ ಮಣ್ಣಿನ ಗುಡ್ಡೆ ಕಂಡು ಅವನು ನಿಂತುಬಿಟ್ಟ. ಮಣ್ಣಾಯಿತೇ ಎಂದು ಕೇಳಿದ. ಆಯಿತೆಂದು ಮಲ್ಲಿಕಾ ಹೇಳಿದಳು. ಗುಡದಪ್ಪ ತೀರಿಕೊಂಡ ಸುದ್ದಿ ತನ್ನ ಮೊಮ್ಮಗಳು ಫೋನಿನಲ್ಲಿ ತೋರಿಸಿದಳೆಂದೂ ಬಸ್ಸು ಸಿಗಲಿಲ್ಲವೆಂದೂ ಹೇಳಿ, ತಾನು ಅಣ್ಣಿಗೇರಿಯ ಮಹಬೂಬಸಾಬ ಎಂದ.

ಹೊಂಡದಿಂದ ಹಿಂದಿರುಗುತ್ತಿದ್ದವರು ಅಲ್ಲಲ್ಲೇ ನಿಂತರು. ಫಲಕದ ಮೇಲಿನ ಆ ಹೆಸರು ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಫಕೀರೇಶ ಮುದುಕನ ಮುಖ ನೋಡಲಾರದೆ ನೆಲ ನೋಡಿದ.

“ಅವನ ಮಗ ಏನು ನೀ?” ಎಂದು ಮಹಬೂಬಸಾಬ ಅವನನ್ನೇ ಕೇಳಿದ. ಫಕೀರೇಶ ತಲೆಯಾಡಿಸಿದ.

“ಅವತ್ತ ಬಿದ್ದಾಂವ ನಾನಪಾ. ಎರಡೂ ಭುಜ ಪೂರಾ ಮಣ್ಣಿಗಿ ಹತ್ತಿ ಚಿತ್ ಆಗಿದ್ದೆ. ಪಂಚರು ಅವನ ಕೈ ಎತ್ತೂಕಿಂತ ಮೊದಲ ಪೊಲೀಸರು ಬೇಡಿ ಹಾಕಿದ್ರು. ಚೀಟಿ ಇಲ್ಲದಾಂವ ಕಣಕ್ಕ ಇಳಿದದ್ದ ಲೆಕ್ಕಕ್ಕಿಲ್ಲ ಅಂತ ಹೇಳಿ, ಬೆಳ್ಳಿ ಕಡಗ ನನಗ ಕೊಟ್ರು. ನಾ ಬ್ಯಾಡ ಅನ್ನಲಿಲ್ಲ.”

ಆ ಕಡಗದ ಹೆಸರಿನ ಮೇಲೆ ತನಗೆ ಮಿಲ್ಲಿನಲ್ಲಿ ನೌಕರಿ ಸಿಕ್ಕಿತು, ಮೂವತ್ತೆರಡು ವರ್ಷ ದುಡಿದೆ, ಮಕ್ಕಳನ್ನು ಓದಿಸಿದೆ ಎಂದು ಅವನು ಒಂದೇ ಸಮನೆ ಹೇಳಿದ. ಭೀಮಶಿ ಜೇಬಿನ ಪೆನ್ನಿಗೆ ಕೈ ಹಾಕಿ, ಇದನ್ನು ಬರೆದು ಕೊಡುತ್ತೀರಾ ಎಂದು ಕೇಳಿದ. ಕೊಡುತ್ತೇನೆ ಎಂದು ಮುದುಕ ತಲೆಯಾಡಿಸಿದ.

ಮಲ್ಲಿಕಾ ಕೇಳಬಾರದೆಂದುಕೊಂಡರೂ ಕೇಳಿದಳು. “ಅಪ್ಪ ಇದ್ದಾಗ ಯಾಕ ಬರಲಿಲ್ರಿ ಕಾಕಾ?”

“ಎರಡು ಸರ್ತಿ ಕಲಘಟಗಿ ತನಕ ಬಂದಿದ್ದೆ ತಂಗಿ. ಸ್ಟ್ಯಾಂಡಿನಾಗ ಚಾ ಕುಡದು ಹೊಳ್ಳಿ ಹೋದೆ.”

ಅವನು ಕನ್ನಡಕ ತೆಗೆದು ಅವಳ ಕೈಗಿಟ್ಟ. ಕೋಲನ್ನು ಫಕೀರೇಶನಿಗೆ ಕೊಟ್ಟ. ಕೂರಲು ಹೊರಟನೆಂದು ಅವರು ತಿಳಿದರು. ಅವನು ಒಂದು ಮಂಡಿ ಊರಿದ, ತುಸು ತಡೆದು ಇನ್ನೊಂದು ಊರಿದ, ಅಂಗೈ ನೆಲಕ್ಕೆ ಕೊಟ್ಟು ಮೈ ಹೊರಳಿಸಿ, ಗೋರಿಯ ಬಾಜೂಕೆ ಅಗೆದ ಮಣ್ಣು ಚೆಲ್ಲಿದ್ದಲ್ಲಿ ಅಂಗಾತ ಮಲಗಿದ. ಎಡಭುಜ ನೆಲಕ್ಕೆ ಮುಟ್ಟಿತ್ತು; ಬಲಭುಜ ಮುಟ್ಟುತ್ತಿರಲಿಲ್ಲ, ಮುಪ್ಪಿಗೆ ಕೀಲು ಸೆಟೆದಿತ್ತು. ಹಲ್ಲು ಕಚ್ಚಿ ಅದನ್ನೂ ಒತ್ತಿದ. ಎರಡೂ ಮುಟ್ಟಿದ ಮೇಲೆ ಕೈಚೆಲ್ಲಿ, ಬಿಸಿಲಿಗೆ ಕಣ್ಣು ಮುಚ್ಚಿದ. “ಗುಡದಪ್ಪಾ, ಚಿತ್,” ಎಂದ.

ಅವನ ಎದೆ ಏರಿಳಿಯುವುದನ್ನು ಜನ ನೋಡುತ್ತ ನಿಂತರು. ಎಷ್ಟು ಹೊತ್ತು ಹಾಗೇ ಬಿಡುವುದು ಎಂದು ಯಾರಿಗೂ ತಿಳಿಯಲಿಲ್ಲ. ಕಡೆಗೆ ಫಕೀರೇಶನೇ ಕೋಲು ಕೆಳಗಿಟ್ಟು, ಬಗ್ಗಿ, ಮುದುಕನ ಕಂಕುಳಡಿ ಕೈ ಸೇರಿಸಿ, ಎದೆಗೆ ಆನಿಸಿಕೊಂಡು ಎತ್ತಿ ನಿಲ್ಲಿಸಿದ. ನಿಂತ ಮೇಲೂ ಇಬ್ಬರೂ ತುಸು ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಮಲ್ಲಿಕಾ ಕನ್ನಡಕ ಕೊಟ್ಟು, ಜುಬ್ಬಾದ ಬೆನ್ನಿಗೆ ಹತ್ತಿದ ಮಣ್ಣು ಜಾಡಿಸಲು ಕೈ ಎತ್ತಿದಳು. ಮಹಬೂಬಸಾಬ ಮೈ ಸರಿಸಿಕೊಂಡ.

“ಇರ್ಲಿ,” ಎಂದ.

ಕೋಲೂರಿಕೊಂಡು ಅವನು ಬೇಲಿಯ ಕಡೆ ನಡೆದ. ಹಿಂದಿನಿಂದ ನೋಡಿದರೆ ಬಿಳಿ ಬಟ್ಟೆಯ ಮೇಲೆ ಎರಡು ಭುಜದಷ್ಟಗಲ ಹಸಿ ಮಣ್ಣು ಕೆಂಪಗೆ ಹತ್ತಿಕೊಂಡಿತ್ತು. ಟಂಟಂನಲ್ಲಿ ಕೂತಾಗಲೂ ಅದು ಉಜ್ಜದಂತೆ ಅವನು ಸೀಟಿಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತ.